ನಾಲ್ಕನೆಯ ಉಲ್ಲೇಖ

ಭಾನುವಾರ, ಮಾರ್ಚ್ ೯

ಪ್ರೀತಿಯ ಕುಳ್ಳಿ,

ಅಮ್ಮನ ಆಶೀರ್ವಾದ. ನಾವಿಬ್ಬರೂ ಇದ್ದೇವೆ. ಕ್ಷೇಮವಾಗಿದ್ದೇವೆ ಎಂದು ಬರೆಯಲು ಹೊರಟವಳು ಅಲ್ಲೇ ನಿಂತೆ, ಅದಕ್ಕೇ ಇದ್ದೇವೆ ಎಂದಷ್ಟೇ ಬರೆದಿದ್ದೇನೆ. ನನಗಿಂತ ಒಂದು ಗೇಣು ಎತ್ತರ ಬೆಳೆದವಳನ್ನು ಇನ್ನೂ ಕುಳ್ಳಿ ಎನ್ನುವುದಕ್ಕೆ ನಿನ್ನ ತಕರಾರಿದೆ ಎಂದು ಗೊತ್ತು. ಇರಲಿ, ಈ ವಯಸ್ಸಿನಲ್ಲಿ ನಾಲಿಗೆ ಹೊರಳುವುದಿಲ್ಲ.

ನಿನ್ನ ಮೊದಲ ಸಂಶೋಧನಾ ಪ್ರಬಂಧ ಕಳಿಸಿ ಮೂರು ವಾರವಾಯಿತು. ನೀನು ಫೋನು ಮಾಡಿ "ಓದಿದ್ಯಾ ಅಮ್ಮ?" ಎಂದಾಗಲೆಲ್ಲ "ಓದ್ತಾ ಇದೀನಿ ಕಣೆ" ಎಂದು ಜಾರಿಕೊಂಡೆ. ಬೇರೆಯವರ ವಿದ್ಯಾರ್ಥಿಗಳು ಬರೆದದ್ದನ್ನು ಒಂದೇ ಏಟಿಗೆ ಓದಿ, ಅಂಚಿನ ತುಂಬ ಕೆಂಪು ಗೀಚಿ, ಅದೇ ಸಂಜೆ ವಾಪಸು ಕಳಿಸುವವಳು ನಾನು. ಹೆತ್ತ ಮಗಳದ್ದಕ್ಕೆ ಮೂರು ವಾರ. ಮುನಿಸಿಕೊಂಡಿದ್ದರೆ ಅದು ನ್ಯಾಯವೇ. ಮನೆಯ ಪರಿಸ್ಥಿತಿ ಹಾಗಿತ್ತು ಎಂದುಕೊಂಡು ಹೊಟ್ಟೆಗೆ ಹಾಕಿಕೋ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಫೋನು ಬಂತೆಂದರೆ ಅಪ್ಪ ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕಿವಿ ನಿಮಿರಿಸಿ ಕೂರುತ್ತಾರೆ. ಹಾಗಾಗಿ ಇಷ್ಟು ದಿನ ನಿನಗೆ ಕೇಳಿಸಿದ್ದು ಅವರ ಮುಂದೆ ಹೇಳಬಹುದಾದದ್ದು ಮಾತ್ರ. ಈಗ ಮಧ್ಯಾಹ್ನದ ಊಟದ ನಂತರ ಅವರಿಗೆ ಜೊಂಪು ಹತ್ತಿದೆ. ಅಡುಗೆಮನೆಯ ಮೇಜಿನ ಮೇಲೆ ಪಾತ್ರೆ ಸರಿಸಿ ಬರೆಯುತ್ತಿದ್ದೇನೆ.

ಮೊದಲು ಅಪ್ಪನ ವಿಷಯ. ಹಗಲೂ ರಾತ್ರಿ ಕಿಟಕಿ ಪಕ್ಕದ ಒರಗುಕುರ್ಚಿಯಲ್ಲೇ ಇರುತ್ತಾರೆ, ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತದೆ. ಶ್ವಾಸಕೋಶದ ಸುತ್ತ ತುಂಬಿದ ನೀರನ್ನು ಹೋದ ವಾರ ಮತ್ತೆ ತೆಗೆದರು. ಜೀವಮಾನವೆಲ್ಲ ಮಕ್ಕಳನ್ನು ಕೊಳಕ್ಕೆ ಇಳಿಸಿ "ಮೊದಲು ಉಸಿರು ಬಿಡೋದು ಕಲೀರಿ, ತಗೊಳ್ಳೋದು ತಾನಾಗೇ ಬರುತ್ತೆ" ಎಂದು ಕೂಗುತ್ತಿದ್ದ ಈಜು ಮಾಸ್ತರು ಈಗ ಒಂದು ವಾಕ್ಯವನ್ನು ಎರಡು ಕಂತಿನಲ್ಲಿ ಹೇಳುತ್ತಾರೆ. ನನ್ನನ್ನು ಕರೆಯಲಿಕ್ಕೆಂದು ಕೊಳದ ಹಳೇ ಸೀಟಿಯನ್ನು ಕೊರಳಿಗೆ ಹಾಕಿಕೊಂಡಿದ್ದಾರೆ. ಊದುವಷ್ಟು ಗಾಳಿ ಇಲ್ಲ, ಅದಕ್ಕೆ ಚಮಚದಿಂದ ಅದನ್ನು ಕುಟ್ಟುತ್ತಾರೆ. ಮೊನ್ನೆ ನಾನು ಬರುವುದು ತಡವಾಯಿತೆಂದು "ಈ ಮನೇಲಿ ಮುಳುಗೋರಿಗೆ ಯಾರೂ ದಿಕ್ಕಿಲ್ಲ" ಎಂದರು. ನಾನು ತಲೆದಿಂಬು ಸರಿಮಾಡಿದೆ.

ಆ ಎರಡನೆಯ ಔಷಧ ಅಪ್ಪನಿಗೆ ಹೊಂದುವುದಿಲ್ಲ ಎಂದು ವೈದ್ಯರು ಹೇಳಿದರು ಅಂತ ನಿನಗೆ ಜನವರಿಯಲ್ಲಿ ತಿಳಿಸಿದ್ದೆವಲ್ಲ, ಅದರ ಹಿಂದೆ ಒಂದು ಕಥೆಯಿದೆ. ನಿನ್ನ ತಲೆಗೆ ಅದನ್ನು ತುಂಬುವುದು ಬೇಡವೆಂದು ಅಪ್ಪನ ಅಪ್ಪಣೆಯಾಗಿತ್ತು. ಅಪ್ಪಣೆ ಮೀರುತ್ತಿದ್ದೇನೆ.

ಕ್ಯಾನ್ಸರಿಗೆ ಕೊಟ್ಟ ಮೊದಲನೆಯ ಔಷಧ ಕೈಕೊಟ್ಟ ಮೇಲೆ ನಮ್ಮನ್ನು ಒಬ್ಬ ಹೊಸ ವೈದ್ಯೆಯ ಕೋಣೆಗೆ ಕಳಿಸಿದರು. ನಿನ್ನ ವಯಸ್ಸಿನವಳು, ಇಲ್ಲವೇ ಒಂದೆರಡು ವರ್ಷ ದೊಡ್ಡವಳು. ಗೋಡೆಗೆ ಒತ್ತಿದ ಮೇಜು, ಅದರ ಮೇಲೊಂದು ಒಣಗಿದ ಕುಂಡ, ಎರಡೇ ಕುರ್ಚಿ. ಅಪ್ಪ ಕೂತರು, ಇನ್ನೊಂದರ ಮೇಲೆ ಫೈಲುಗಳು ಕೂತಿದ್ದವು, ನಾನು ನಿಂತೆ. ಒಳ್ಳೆಯ ಹುಡುಗಿ. ಅವಸರ ಮಾಡಲಿಲ್ಲ, ಅಪ್ಪನ ಕಡೆಗೇ ತಿರುಗಿ ಮಾತಾಡಿದಳು. "ನಿಮ್ಮ ಗಡ್ಡೆಯ ಜೀನ್ ಪರೀಕ್ಷೆ ಬಂದಿದೆ. ಅದರಲ್ಲಿ ಒಂದು ಬದಲಾವಣೆ ಇದೆ. ಇದು ಇರೋರಿಗೆ ಆ ಔಷಧ ಕೊಟ್ಟು ಪ್ರಯೋಜನ ಇಲ್ಲ ಅಂತ ಹಿಂದೇನೇ ಗೊತ್ತಾಗಿದೆ. ಸುಮ್ನೆ ದೇಹಕ್ಕೆ ಹಿಂಸೆ ಆಗುತ್ತೆ" ಎಂದಳು. ಅಪ್ಪನಿಗೆ ಅರ್ಥವಾಗಲೆಂದು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದಳು.

ತೆರೆಯ ಮೇಲೆ ಕಿತ್ತಳೆ ಚುಕ್ಕೆ, ನೇರಳೆ ಚುಕ್ಕೆ. ನಿನಗೆ ನೆನಪಿರಬೇಕು. ಏಳು ವರ್ಷದವಳು ನನ್ನ ತೊಡೆ ಏರಿ ಕೂತು "ಕೆಂಪು ನೀಲಿ ಎಲ್ರೂ ಹಾಕ್ತಾರಮ್ಮ, ಇದು ಹಾಕು" ಎಂದು ಹಟ ಹಿಡಿದು ಆರಿಸಿದ ಬಣ್ಣಗಳು.

"ಅದು ನಂದು" ಎಂದೆ.

"ಏನು ಮೇಡಂ?"

"ಆ ಚಿತ್ರ. ಆ ಪ್ರಬಂಧ ಬರೆದೋಳು ನಾನು."

ಆ ಹುಡುಗಿ ಎದ್ದೇ ನಿಂತಳು. ಮುಖವೆಲ್ಲ ಅರಳಿತು. "ನೀವಾ ಮೇಡಂ? ಇದನ್ನ ಓದ್ಕೊಂಡೇ ನಾವೆಲ್ಲ ಪರೀಕ್ಷೆ ಪಾಸಾಗಿದ್ದು" ಎಂದಳು. ಫೈಲುಗಳನ್ನು ನೆಲಕ್ಕಿಳಿಸಿ ನನಗೆ ಕುರ್ಚಿ ಕೊಟ್ಟಳು. ಆ ಕೋಣೆಯಲ್ಲಿ ನನಗೆ ಸಿಕ್ಕ ಮರ್ಯಾದೆಗೆ ಕಾರಣವೂ ಅಪ್ಪನಿಗೆ ಔಷಧ ತಪ್ಪಿದ್ದಕ್ಕೆ ಕಾರಣವೂ ಒಂದೇ.

ನಾನು ಅವಳಿಗೆ ಹೇಳಿದೆ: ನೋಡಮ್ಮಾ, ಆ ಪ್ರಬಂಧ ತಪ್ಪು, ಅದನ್ನು ನಾನೇ ತಿದ್ದಿ ಇನ್ನೊಂದು ಬರೆದಿದ್ದೇನೆ, ಅದನ್ನು ತೆಗೆದು ನೋಡು. ಅವಳು ಹುಡುಕಿದಳು. ಸಿಕ್ಕಿತು. ಓದಿದಳು, ನಿಜವಾಗಿಯೂ ಓದಿದಳು, ಹತ್ತು ನಿಮಿಷ ನಮ್ಮಿಬ್ಬರನ್ನೂ ಮರೆತು ಓದಿದಳು. ಆಮೇಲೆ ಸಣ್ಣ ದನಿಯಲ್ಲಿ "ನೀವು ಹೇಳೋದು ಸರಿ ಅನ್ಸುತ್ತೆ ಮೇಡಂ. ಆದ್ರೆ ನನ್ನ ಕೈಲಿ ಏನಿದೆ? ಔಷಧ ಮಂಜೂರು ಮಾಡೋ ಮಂಡಳಿಯ ನಿಯಮದಲ್ಲಿ ಇರೋದು ಮೊದಲನೇದು" ಎಂದಳು. ಆ ಔಷಧ ದುಡ್ಡು ಕೊಟ್ಟರೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಮಂಡಳಿಯ ಸಹಿ ಇಲ್ಲದೆ ಆಸ್ಪತ್ರೆಯ ಫ್ರಿಜ್ಜಿನಿಂದ ಹೊರಗೆ ಬರುವುದಿಲ್ಲ.

ಆ ಹಳೆಯ ಪುರಾಣ ನಿನಗೆ ಗೊತ್ತಿರುವುದೇ. ಆದರೆ ನೀನು ಆಗ ಚಿಕ್ಕವಳು, ಊಟದ ಮೇಜಿನಲ್ಲಿ ಕಿವಿಗೆ ಬಿದ್ದಷ್ಟು ಕೇಳಿಸಿಕೊಂಡಿದ್ದೀಯ. ಇವತ್ತು ಸರಿಯಾಗಿ ಬರೆಯುತ್ತೇನೆ, ಯಾರಿಗಾದರೂ ಒಬ್ಬರಿಗೆ ಸರಿಯಾಗಿ ಹೇಳಬೇಕು. ಔಷಧದಿಂದ ಗುಣ ಕಂಡವರ ಗಡ್ಡೆಗಳು ಒಂದು ಕಡೆ, ಗುಣ ಕಾಣದವರದು ಇನ್ನೊಂದು ಕಡೆ. ಎರಡನ್ನೂ ಯಂತ್ರಕ್ಕೆ ಹಾಕಿ ಜೀನ್‌ಗಳನ್ನು ಓದಿದೆವು. ಗುಣ ಕಾಣದವರಲ್ಲಿ ಆ ಒಂದು ಬದಲಾವಣೆ ಎದ್ದು ಕಂಡಿತು. ಅಷ್ಟೇ ಪ್ರಬಂಧ. ಮಾಡಿದ ಎಡವಟ್ಟು ಏನೆಂದರೆ, ಅಚ್ಚುಕಟ್ಟಾಗಿರಲಿ ಎಂದು ಮೊದಲನೇ ವಾರ ಒಂದು ಗುಂಪನ್ನೂ ಮುಂದಿನ ವಾರ ಇನ್ನೊಂದು ಗುಂಪನ್ನೂ ಓದಿಸಿದ್ದೆವು. ನಡುವಿನ ಶನಿವಾರ ಯಂತ್ರ ಕೆಟ್ಟು ಒಂದು ಭಾಗ ಬದಲಾಯಿಸಿದ್ದರು. ಆಮೇಲೆ ಅದು ಆ ಬದಲಾವಣೆಯನ್ನು ಇಲ್ಲದ ಕಡೆಯೂ ತೋರಿಸುತ್ತಿತ್ತು. ನಾವು ಕಂಡದ್ದು ರೋಗಿಗಳ ವ್ಯತ್ಯಾಸವನ್ನಲ್ಲ, ಯಂತ್ರದ ಎರಡು ವಾರಗಳ ವ್ಯತ್ಯಾಸವನ್ನು.

ಬೇರೆ ಕೆಲಸಕ್ಕೆಂದು, ಉಳಿದ ಗಡ್ಡೆಯ ಚೂರುಗಳನ್ನು ಎರಡೂ ಗುಂಪು ಬೆರೆಸಿ ಒಂದೇ ಸರದಿಯಲ್ಲಿ ಮತ್ತೆ ಓದಿಸಿದಾಗ ಎರಡು ಗುಂಪಿನಲ್ಲೂ ಅದು ಅಷ್ಟಷ್ಟೇ ಇತ್ತು. ಅವತ್ತೇ ನಮ್ಮ ಪ್ರಯೋಗಾಲಯದ ಹಿರಿಯರ ಕೋಣೆಗೆ ಓಡಿದೆ. ಅವರು ಕನ್ನಡಕ ಒರೆಸುತ್ತ "ಇನ್ನೊಂದ್ಸಲ ನೋಡೋಣ" ಎಂದರು. ಹತ್ತು ಸಲ ನೋಡಿದೆವು. ಆಮೇಲೆ, ಪ್ರಬಂಧ ಹಿಂಪಡೆಯಲು ತಾವು ಸಹಿ ಮಾಡುವುದಿಲ್ಲ, ಬೇಕಿದ್ದರೆ ನೀನೊಬ್ಬಳೇ ತಿದ್ದುಪಡಿ ಬರೆದುಕೋ ಎಂದು ಕೈ ತೊಳೆದುಕೊಂಡರು. ಬರೆದುಕೊಂಡೆ. ಯಾವ ಪತ್ರಿಕೆಗೂ ಬೇಡವಾಯಿತು. "ಇದರಲ್ಲಿ ಹೊಸತೇನಿದೆ" ಎಂದು ಕೇಳುತ್ತಿದ್ದರು. ಆರು ವರ್ಷ ಕದ ತಟ್ಟಿ, ಕೊನೆಗೆ ಯಾರೂ ಓದದ ಒಂದು ಸಣ್ಣ ಪತ್ರಿಕೆಯಲ್ಲಿ ಬಂತು. ಆಗ ನೀನು ನನಗೆ ತಿದ್ದುಪಡಿ ಅಮ್ಮ ಎಂದು ಹೆಸರಿಟ್ಟಿದ್ದೆ. ಸಾರಿಗೆ ಉಪ್ಪು ಕಡಿಮೆಯಾದರೂ "ತಿದ್ದುಪಡಿ ಅಮ್ಮ, ತಿದ್ದುಪಡಿ ಬೇಕು" ಎನ್ನುತ್ತಿದ್ದೆ.

ಮೊದಲನೆಯದನ್ನು ಇಲ್ಲಿಯವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ ತಮ್ಮ ಪ್ರಬಂಧಗಳಲ್ಲಿ ಉಲ್ಲೇಖಿಸಿದ್ದಾರೆ. ತಿದ್ದುಪಡಿಗೆ ಸಿಕ್ಕ ಉಲ್ಲೇಖ ಮೂರು. ಅದರಲ್ಲಿ ಎರಡು ನನ್ನವೇ.

ಆಸ್ಪತ್ರೆಯ ಜಗಲಿಯಲ್ಲಿ ಕೂತು ಅಪ್ಪನಿಗೆ ಇದನ್ನು ಹೇಳಿದೆ. ಅವರು "ನಾಲ್ಕು ಸಾವಿರ ಜನ ಒಪ್ಪಿರೋದನ್ನ ನಾನೊಬ್ಬ ಬೇಡ ಅಂದ್ರೆ ಆಗುತ್ತಾ?" ಎಂದರು. ಅವರು ಓದಿಯೇ ಇಲ್ಲ ಎಂದೆ. ಅದು ಹೇಗೆ ಗೊತ್ತು ಎಂದರು. ಆಗ ಇಲಿಗಳ ಪುಟದ ಕಥೆ ಹೇಳಿದೆ. ನಿನಗೆ ಹೇಳಿದ ನೆನಪಿಲ್ಲ, ಕೇಳು. ನಮ್ಮ ಪ್ರಬಂಧ ಶುರುವಾಗುವುದು ಪುಟ ೪೧೭ರಲ್ಲಿ. ಮೊದಲ ವರ್ಷ ಯಾರೋ ಪುಣ್ಯಾತ್ಮ ತನ್ನ ಉಲ್ಲೇಖಗಳ ಪಟ್ಟಿಯಲ್ಲಿ ಬೆರಳು ತಪ್ಪಿ ೪೭೧ ಎಂದು ಹಾಕಿದ. ಅವನ ಪಟ್ಟಿಯಿಂದ ಇನ್ನೊಬ್ಬ ಎತ್ತಿಕೊಂಡ, ಇವನಿಂದ ಮತ್ತೊಬ್ಬ. ಈಗ ಅರ್ಧಕ್ಕರ್ಧ ಜನರ ಪಟ್ಟಿಯಲ್ಲಿ ಇರುವುದು ೪೭೧. ಆ ಪುಟದಲ್ಲಿರುವುದು ಬೇರೆ ಯಾರೋ ಇಲಿಗಳ ನಿದ್ದೆಯ ಬಗ್ಗೆ ಬರೆದದ್ದು. ಒಂದೇ ಒಂದು ಸಲ ತೆರೆದು ನೋಡಿದ್ದರೂ ತಿಳಿಯುತ್ತಿತ್ತು. ಅಪ್ಪನಿಗೆ ಔಷಧ ತಪ್ಪಿಸಿದ ಮಂಡಳಿಯ ನಿಯಮದಲ್ಲೂ ಅದೇ ತಪ್ಪು ಪುಟ ಇದೆ. ಅಪ್ಪ ಕೆಮ್ಮು ಬರುವವರೆಗೆ ನಕ್ಕರು. ಅಂದಿನಿಂದ ನಿದ್ದೆ ಬಂದಾಗಲೆಲ್ಲ "ನಾನು ಸ್ವಲ್ಪ ಇಲಿ ಪುಟಕ್ಕೆ ಹೋಗಿ ಬರ್ತೀನಿ" ಎನ್ನುತ್ತಾರೆ.

ನಾನು ಸುಮ್ಮನೆ ಕೂರಲಿಲ್ಲ. ಮಂಡಳಿಗೆ ಅರ್ಜಿ ಹಾಕಿದೆ. ಜೊತೆಗೆ ತಿದ್ದುಪಡಿ ಇಟ್ಟೆ, ಹಳೆಯ ಅಂಕಿಅಂಶ ಇಟ್ಟೆ, ಆ ಶನಿವಾರದ ರಿಪೇರಿಯ ವಿವರವನ್ನೂ ಇಟ್ಟೆ. ಹಿರಿಯರಿಗೆ ಫೋನು ಮಾಡಿದೆ. ನಿವೃತ್ತರಾಗಿ ಗುಲಾಬಿ ಬೆಳೆಸುತ್ತಿದ್ದಾರೆ. ಒಂದು ಸಾಲು ಬರೆದುಕೊಡಿ, ಅದು ತಪ್ಪಾಗಿತ್ತು ಎಂದು ನೀವೂ ಹೇಳಿದರೆ ಮಂಡಳಿ ಕೇಳಬಹುದು ಎಂದು ಗೋಗರೆದೆ. ಇಷ್ಟು ವರ್ಷದಲ್ಲಿ ಅವರ ಮುಂದೆ ನಾನು ದನಿ ತಗ್ಗಿಸಿದ್ದು ಅದೊಂದೇ ಸಲ. "ನಿನ್ನ ಯಜಮಾನರಿಗೆ ಹೀಗಾಗಿದ್ದು ಕೇಳಿ ತುಂಬಾ ಬೇಜಾರಾಯ್ತಮ್ಮ. ಆದ್ರೆ ಈಗ ಅದನ್ನೆಲ್ಲ ಕೆದಕಿದ್ರೆ ಎಷ್ಟು ಜನರ ಕೆಲಸ ಅಲ್ಲಾಡುತ್ತೆ ಯೋಚನೆ ಮಾಡು" ಎಂದರು. ಆಮೇಲೆ ನಿನ್ನ ಬಗ್ಗೆ ವಿಚಾರಿಸಿದರು. ಹಲ್ಲು ಕಚ್ಚಿಕೊಂಡು, ಚೆನ್ನಾಗಿದ್ದಾಳೆ ಎಂದೆ.

ಮಂಡಳಿಯ ಉತ್ತರ ಫೆಬ್ರವರಿಯಲ್ಲಿ ಬಂತು. ತುಂಬ ವಿನಯದ ಉತ್ತರ. ನನ್ನ ತಿದ್ದುಪಡಿಯನ್ನು ಬೇರೆ ಯಾರೂ ಬೆಂಬಲಿಸಿದಂತಿಲ್ಲ, ಮೂಲ ಫಲಿತಾಂಶವನ್ನಾದರೆ ಎಲ್ಲೆಡೆ ಒಪ್ಪಲಾಗಿದೆ, ನಿಯಮಗಳ ಮರುಪರಿಶೀಲನೆ ವರ್ಷದ ಕೊನೆಗೆ ಇದೆ, ಆಗ ಪರಿಗಣಿಸಲಾಗುವುದು ಎಂದಿತ್ತು. ಕೆಳಗೆ, ಇಂಥ ಮಹತ್ವದ ಸಂಶೋಧನೆ ಮಾಡಿದ ತಮಗೆ ಗೌರವಗಳು ಎಂದೂ ಇತ್ತು. ವರ್ಷದ ಕೊನೆ. ಅಪ್ಪನ ಹತ್ತಿರ ಅಷ್ಟು ಕಾಲ ಉಳಿದಿಲ್ಲ ಎಂದು ಆ ವೈದ್ಯೆ ನನ್ನನ್ನು ಬಾಗಿಲ ಹೊರಗೆ ಕರೆದು ಹೇಳಿಯಾಗಿತ್ತು.

ಅದೇ ವಾರ ನಮ್ಮ ಸಂಸ್ಥೆಯಲ್ಲಿ ವರ್ಷದ ಮೌಲ್ಯಮಾಪನ. ಯಾರು ಎಷ್ಟು ಬರೆದರು, ಯಾರನ್ನು ಎಷ್ಟು ಜನ ಉಲ್ಲೇಖಿಸಿದರು ಎಂದು ಲೆಕ್ಕ ಹಾಕಿ ಮೊದಲ ಮಹಡಿಯ ಓಣಿಯಲ್ಲಿ ಟಿವಿಯ ಮೇಲೆ ಹಾಕುತ್ತಾರಲ್ಲ, ಅದರಲ್ಲಿ ಈ ಸಲವೂ ಮೇಲೆ ನಿಂತಿರುವುದು ನಿನ್ನ ಅಮ್ಮನೇ. ನಿರ್ದೇಶಕರು ಎಲ್ಲರ ಮುಂದೆ ಹೂಗುಚ್ಛ ಕೊಟ್ಟು "ಇವರ ಪ್ರಭಾವ ಅಳತೆಗೆ ಸಿಗೋದಿಲ್ಲ" ಎಂದರು. ಚಪ್ಪಾಳೆಯಾಯಿತು. ಎದ್ದು ನಿಂತು, ಸ್ವಾಮಿ, ಆ ಪ್ರಭಾವ ನಮ್ಮ ಮನೆಯ ಒರಗುಕುರ್ಚಿಯವರೆಗೂ ಬಂದಿದೆ ಎಂಬ ಮಾತು ನಾಲಿಗೆ ತುದಿಗೆ ಬಂತು. ಎಲ್ಲರಿಗೂ ಕೈಮುಗಿದು ಕೂತೆ. ಹೂಗುಚ್ಛವನ್ನು ಮನೆಗೆ ತಂದೆ. ಅಪ್ಪ ತಮ್ಮ ಈಜಿನ ಬಹುಮಾನದ ಲೋಟಕ್ಕೆ ನೀರು ಹಾಕಿಸಿ ಅದರಲ್ಲಿ ಇರಿಸಿದರು. ಹೂವು ನನಗಿಂತ ಮೊದಲೇ ಬಾಡಿತು.

ಈಗ ನೀನು, ಆ ಔಷಧ ಸಿಕ್ಕಿದ್ದರೆ ಅಪ್ಪ ಉಳಿಯುತ್ತಿದ್ದರೇ ಎಂದು ಕೇಳುತ್ತೀಯ. ನನಗೆ ಗೊತ್ತಿಲ್ಲ, ಕುಳ್ಳಿ. ಅದು ಮೂವರಲ್ಲಿ ಒಬ್ಬರಿಗೆ ಕೆಲಸ ಮಾಡುತ್ತದೆ. ಅಪ್ಪ ಆ ಒಬ್ಬರೋ ಉಳಿದ ಇಬ್ಬರಲ್ಲಿ ಒಬ್ಬರೋ ಎಂದು ಮೊದಲೇ ಹೇಳಬಲ್ಲವರು ಯಾರೂ ಇಲ್ಲ. ನನ್ನ ತಿದ್ದುಪಡಿಯಲ್ಲಿ ಇರುವುದೂ ಅಷ್ಟೇ, ಹೇಳಲಾಗದು ಎಂಬ ಒಂದು ಮಾತು. ಹೇಳಲಾಗದು ಎನ್ನುವುದನ್ನು ಯಾರು ಉಲ್ಲೇಖಿಸುತ್ತಾರೆ. ಗೊತ್ತಾಗಿದ್ದರೆ ಅಳುತ್ತಿದ್ದೆ, ಇಲ್ಲವೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಎರಡಕ್ಕೂ ಎಡೆಯಿಲ್ಲದೆ ಅವರ ಔಷಧದ ಡಬ್ಬಿಗೆ ಮಾತ್ರೆ ತುಂಬುತ್ತೇನೆ.

ಮತ್ತೊಂದು ಯೋಚನೆಯೂ ಬಿಡುವುದಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅಂಥ ಎಷ್ಟೋ ಕೋಣೆಗಳಲ್ಲಿ ಎಷ್ಟೋ ಜನರಿಗೆ ಕಂಪ್ಯೂಟರ್ ತಿರುಗಿಸಿ ಆ ಚುಕ್ಕೆಗಳನ್ನು ತೋರಿಸಿರಬೇಕು. ಅವರು ಪಾಪ, ತಲೆಯಾಡಿಸಿ ಮನೆಗೆ ಹೋಗಿರಬೇಕು. ಅವರ ಜೊತೆ, ಅದು ನಂದು ಎನ್ನುವವರು ಯಾರೂ ಬಂದಿರಲಿಲ್ಲ. ನಾನು ಬಂದಿದ್ದೆ, ಬಂದು ಏನಾಯಿತು.

ಆಸೆ ಇಟ್ಟುಕೋ ಎಂದು ನಿನಗೆ ಹೇಳುವುದಿಲ್ಲ. ನನಗೇ ಇಲ್ಲದ್ದನ್ನು ನಿನಗೆಲ್ಲಿಂದ ಕೊಡಲಿ. ಮುಂದಿನ ತಿಂಗಳ ಸಮ್ಮೇಳನ ಮುಗಿಸಿಕೊಂಡೇ ಬಾ ಎಂದು ಅಪ್ಪ ಫೋನಿನಲ್ಲಿ ಗತ್ತಿನಿಂದ ಹೇಳುತ್ತಾರಲ್ಲ, ಅದನ್ನು ಕಿವಿ ಮೇಲೆ ಹಾಕಿಕೊಳ್ಳಬೇಡ. ಸಮ್ಮೇಳನ ಬಿಟ್ಟು ಈಗಲೇ ಹೊರಡು. ಬರುವಾಗ ಏನೂ ತರಬೇಡ. ನಿನ್ನ ಕೋಣೆ ಗುಡಿಸಿದ್ದೇನೆ, ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಅಪ್ಪನನ್ನು ನೋಡಿದ ಕೂಡಲೇ ಮುಖ ಸಪ್ಪೆ ಮಾಡಬೇಡ, ತುಂಬ ಇಳಿದಿದ್ದಾರೆ. ಮೊದಲಿನಂತೆ ಕೀಟಲೆ ಮಾಡು, ಅವರಿಗೆ ಅದೇ ಬೇಕಾಗಿರುವುದು.

ಚೆನ್ನಾಗಿ ಊಟ ಮಾಡು, ರೈಲಿನಲ್ಲಿ ನಿದ್ದೆ ಮಾಡು. ನಿನಗೆ ಒಳ್ಳೆಯದಾಗಲಿ. ನಿನ್ನ ಕೈಯಿಂದ ಯಾರಿಗೂ ಕೆಟ್ಟದ್ದಾಗದಿರಲಿ. ನನ್ನಂಥವಳು ಮಗಳಿಗೆ ಮಾಡಬಹುದಾದ ಹಾರೈಕೆ ಇದಕ್ಕಿಂತ ದೊಡ್ಡದಿಲ್ಲ.

ಇಂತು ನಿನ್ನ,
ತಿದ್ದುಪಡಿ ಅಮ್ಮ

ತಾ.ಕ.: ಕವರು ಅಂಟಿಸಲು ಹೋಗಿ ಮತ್ತೆ ತೆಗೆದೆ. ನಿನ್ನ ಪ್ರಬಂಧವನ್ನು ಬಂದ ದಿನವೇ ಓದಿದ್ದೆ. ಮೂರು ವಾರ ಓದುತ್ತಿದ್ದೇನೆ ಎಂದದ್ದು ಸುಳ್ಳು. ಕೆಲಸ ಚೊಕ್ಕವಾಗಿದೆ, ಎಲ್ಲ ಮಾದರಿಗಳನ್ನೂ ಬೆರೆಸಿ ಓದಿಸಿದ್ದೀಯ, ನಾನು ಮಾಡಿದ ತಪ್ಪು ಮಾಡಿಲ್ಲ. ಆದರೆ ಎರಡನೆಯ ಪ್ಯಾರಾದಲ್ಲಿ, ಈ ಬದಲಾವಣೆ ಇರುವ ಗಡ್ಡೆಗಳು ಆ ಔಷಧಕ್ಕೆ ಬಗ್ಗುವುದಿಲ್ಲವೆಂದು ಈಗಾಗಲೇ ತಿಳಿದಿದೆ ಎಂದು ಬರೆದು ನನ್ನ ಮೊದಲ ಪ್ರಬಂಧವನ್ನು ಉಲ್ಲೇಖಿಸಿದ್ದೀಯ. ತಿದ್ದುಪಡಿ ನಿನ್ನ ಪಟ್ಟಿಯಲ್ಲಿ ಇಲ್ಲ. ನೀನು ಕೊಟ್ಟಿರುವ ಪುಟ ೪೭೧.

ನೀನೂ ತೆರೆದು ನೋಡಲಿಲ್ಲ. ಎಲ್ಲರೂ ಮಾಡುವುದನ್ನೇ ಮಾಡಿದ್ದೀಯ, ಬಯ್ಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಆರು ವರ್ಷ ಆ ಕಾಗದಗಳನ್ನು ಪಕ್ಕಕ್ಕೆ ಸರಿಸಿ ಹೋಮ್‌ವರ್ಕ್ ಮಾಡಿದವಳು ನೀನು. ಉಳಿದ ನಾಲ್ಕು ಸಾವಿರ ಜನರಿಂದ ಆಗದ ನೋವು ನನಗೆ ಈ ಒಂದರಿಂದ ಆಯಿತು.

ಅಪ್ಪನಿಗೆ ಇದು ತಿಳಿದಿಲ್ಲ. ನಿನ್ನ ಪ್ರಬಂಧವನ್ನು ಅಚ್ಚು ಹಾಕಿಸಿ ಕುರ್ಚಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ. ಬಂದವರಿಗೆಲ್ಲ ತೋರಿಸುತ್ತಾರೆ. ಕೊನೆಯ ಪಟ್ಟಿಯಲ್ಲಿ ನನ್ನ ಹೆಸರು ಹುಡುಕಿ ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದಾರೆ. ಹೆಸರು ಸಿಕ್ಕಿದ ಮೇಲೆ ಮುಂದೆ ಓದುವ ತ್ರಾಣ ಅವರಿಗಿರಲಿಲ್ಲ. ಚಮಚದಿಂದ ಸೀಟಿ ಕುಟ್ಟಿ ನನ್ನನ್ನು ಕರೆದು, "ಈಗ ನಿನ್ನ ತಿದ್ದುಪಡಿಗೆ ನಾಲ್ಕಾಯ್ತು, ಅಲ್ವಾ? ಊರೆಲ್ಲ ಬಿಟ್ರೂ ನಮ್ಮ ಕುಳ್ಳಿ ಬಿಡಲಿಲ್ಲ ನೋಡು" ಎಂದರು. ಅಷ್ಟು ಉದ್ದದ ಮಾತನ್ನು ಅವರು ಒಂದೇ ಉಸಿರಿಗೆ ಹೇಳಿ ಎಷ್ಟೋ ದಿನವಾಗಿತ್ತು.

ಹೌದು ಎಂದೆ.

ನೀನು ಬಂದ ಕೂಡಲೇ ನಿನ್ನನ್ನೂ ಕೇಳುತ್ತಾರೆ. ಹೌದು ಅನ್ನು.